ಶಾಂಘೈಯ ಪುಡಾಂಗಿನಲ್ಲಿ ಇಳಿಯುವವರಿಗೆ

ಶಾಂಘೈ ಮಹಾನಗರಕ್ಕೆ ವಿಮಾನನಿಲ್ದಾಣಗಳು ಎರಡು. ನಗರದ ಪಶ್ಚಿಮದ ಅಂಚಿನಲ್ಲಿರುವ ಹಾಂಗ್‌ಚಿಯಾವ್ ಹಳೆಯದು. ಚೀನಾದ ಒಳಗೊಳಗಿನ ಪ್ರಯಾಣಕ್ಕೂ, ಟೋಕಿಯೋ, ಸೋಲ್, ಹಾಂಗ್‌ಕಾಂಗ್‌ಗಳಂಥ ಸಮೀಪದ ಕೆಲವೇ ಊರುಗಳ ಪ್ರಯಾಣಕ್ಕೂ ಅದು ಬಹುಮಟ್ಟಿಗೆ ಮೀಸಲು. ಪೂರ್ವದಲ್ಲಿ, ಯಾಂಗ್ಟ್‌ಸೀ ನದಿಯು ಕಡಲನ್ನು ಕೂಡುವ ತಗ್ಗುಭೂಮಿಯ ಅಂಚಿನಲ್ಲಿ, 1999ರಲ್ಲಿ ತೆರೆದ ಪುಡಾಂಗ್ ಹೊಸದು. ಭಾರತದಿಂದ ಹೊರಟವನು ಸಾಮಾನ್ಯವಾಗಿ ಬಂದಿಳಿಯುವುದು ಇಲ್ಲಿಯೇ. ಇವೆರಡರ ನಡುವೆ ಎರಡೂವರೆ ಕೋಟಿ ಜನ ವಾಸಿಸುವ ನಗರವೇ ಅಡ್ಡವಾಗಿ ಹರಡಿಕೊಂಡಿರುವುದರಿಂದ, ಟಿಕೆಟ್ಟಿನಲ್ಲಿ ‘ಶಾಂಘೈ’ ಎಂಬ ಹೆಸರನ್ನಷ್ಟೇ ಓದಿ ತೃಪ್ತನಾಗದೆ, ಅದರ ಪಕ್ಕದಲ್ಲಿರುವ ಮೂರಕ್ಷರದ ಸಂಕೇತವನ್ನೂ ನೋಡತಕ್ಕದ್ದು: ಪಿವಿಜಿ ಎಂದಿದ್ದರೆ ಪುಡಾಂಗ್, ಎಸ್‌ಎಚ್‌ಎ ಎಂದಿದ್ದರೆ ಹಾಂಗ್‌ಚಿಯಾವ್. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದವರು ನಡುವೆ ನಾಲ್ಕೈದು ಗಂಟೆಗಳ ಅವಕಾಶವಿಟ್ಟುಕೊಂಡರೆ ಅದನ್ನು ಯಾರೂ ಅಂಜುಬುರುಕುತನವೆನ್ನಲಾರರು.

ಮಹಾ ವಿಮಾನನಿಲ್ದಾಣಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವುಗಳ ವೈಶಾಲ್ಯವನ್ನೇ ವರ್ಣಿಸಿ ಓದುಗನಿಗೆ ದಿಗಿಲು ಹುಟ್ಟಿಸುತ್ತಾರೆ. ಪುಡಾಂಗಿನ ವೈಶಾಲ್ಯವೇನೋ ನಿಜವೇ. 2024ರ ಒಂದು ವರ್ಷದಲ್ಲಿಯೇ ಅದರ ಮೂಲಕ ಹಾದುಹೋದ ಪ್ರಯಾಣಿಕರ ಸಂಖ್ಯೆ ಏಳೂವರೆ ಕೋಟಿಯನ್ನು ಮೀರಿತು, ಎಂದರೆ ಕರ್ನಾಟಕದ ಸಮಸ್ತ ಜನಸಂಖ್ಯೆಗಿಂತಲೂ ಹೆಚ್ಚು. ಆದರೂ ದೂರಕ್ಕೆ ಇಲ್ಲಿ ಹೆದರಬೇಕಾದ್ದಿಲ್ಲ, ಏಕೆಂದರೆ ಚಲಿಸುವ ಕಾಲುದಾರಿಗಳು, ನೆಲದಡಿಯ ರೈಲು, ಲಿಫ್ಟುಗಳು ಎಲ್ಲವೂ ಸೇರಿ ದೂರವನ್ನು ನಮ್ಮ ಅರಿವಿಗೆ ಬಾರದಂತೆ ಕರಗಿಸಿಬಿಡುತ್ತವೆ. ಕಾಲವು ಸೋರಿಹೋಗುವುದು ಒಂದು ಏರ್ಪಾಡು ಮುಗಿದು ಮತ್ತೊಂದು ಏರ್ಪಾಡು ತೊಡಗುವ ಸಂಧಿಸ್ಥಾನಗಳಲ್ಲಿ: ವಿಮಾನದಿಂದ ವಲಸೆ ತಪಾಸಣೆಗೆ, ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ, ಆಕಾಶದ ವೇಗದಿಂದ ನಗರದ ವೇಗಕ್ಕೆ. ಈ ಸಂಧಿಗಳು ಯಾವುವೆಂದು ಮೊದಲೇ ತಿಳಿದವನಿಗೆ ಪುಡಾಂಗ್ ಅತ್ಯಂತ ಸುಗಮವಾದ ನಿಲ್ದಾಣ; ತಿಳಿಯದವನಿಗೆ ಅದರ ಸಮಸ್ತ ಸೌಕರ್ಯಗಳೂ ವ್ಯರ್ಥ.

ಅಲ್ಲಿನ ನೆಲದ ವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳದೆ ಮುಂದುವರಿಯಲು ನನಗೆ ಮನಸ್ಸು ಬಾರದು. ನಿಲ್ದಾಣಕ್ಕೆ ಆಯ್ದ ಸ್ಥಳವು ಕಡಲತೀರದ ಕೆಸರುಬಯಲು. ಉತ್ತರದ ಶೀತದೇಶಗಳಿಂದ ದಕ್ಷಿಣಕ್ಕೆ ಹಾರುವ ವಲಸೆಹಕ್ಕಿಗಳು ಇಳಿದು ಮೇದು ದಣಿವಾರಿಸಿಕೊಳ್ಳುತ್ತಿದ್ದ ತಾಣ. ಹಕ್ಕಿಯೂ ವಿಮಾನವೂ ಒಂದೇ ಬಯಲನ್ನು ಹಂಚಿಕೊಳ್ಳುವುದು ಉಭಯತರಿಗೂ ಅಪಾಯಕರವಾದುದರಿಂದ, ನದೀಮುಖದ ಅಧ್ಯಯನದಲ್ಲಿ ಖ್ಯಾತರಾದ ಚೆನ್ ಜಿಯು ಮೊದಲಾದ ವಿಜ್ಞಾನಿಗಳು ಒಂದು ವಿಲಕ್ಷಣವಾದ ಉಪಾಯವನ್ನು ಸೂಚಿಸಿದರು: ನಿಲ್ದಾಣವನ್ನು ಇನ್ನಷ್ಟು ಕಡಲಿನ ಕಡೆಗೆ ಸರಿಸುವುದು, ಮತ್ತು ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು ಆಚೆ ನದಿಯ ನಡುವಿನ ಜಿಯುದ್ವಾನ್‌ಶಾ ಎಂಬ ಮರಳುದಿಬ್ಬಗಳ ಮೇಲೆ ಹುಲ್ಲು ಜೊಂಡುಗಳನ್ನು ನೆಟ್ಟು ಹಕ್ಕಿಗಳನ್ನು ಅತ್ತ ಆಕರ್ಷಿಸುವುದು. 1997ರಲ್ಲಿ ಅಂತೆಯೇ ಮಾಡಿದರು; ದಿಬ್ಬಗಳು ಬೆಳೆದು, ಮುಂದೆ ರಾಷ್ಟ್ರೀಯ ರಕ್ಷಿತಪ್ರದೇಶವೂ ಆದವು. ಆದರೆ ಅಂದು ನೆಟ್ಟ ಸಸ್ಯಗಳಲ್ಲೊಂದಾದ ಸ್ಪಾರ್ಟಿನಾ ಎಂಬ ಅಮೆರಿಕದ ಮೂಲದ ಹುಲ್ಲು ಸ್ಥಳೀಯ ಜೊಂಡನ್ನು ಒತ್ತರಿಸುತ್ತ ಎಗ್ಗಿಲ್ಲದೆ ಹಬ್ಬಿ, ಅದನ್ನು ಕಿತ್ತುಹಾಕುವುದೇ ಮತ್ತೊಂದು ಉದ್ಯೋಗವಾಯಿತು. ವಿಮಾನವು ನೆಲಕ್ಕೆ ಇಳಿಯುವ ಮುನ್ನ ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ಕೆಮ್ಮಣ್ಣುಬಣ್ಣದ ನೀರಿನ ನಡುವೆ ಹಸಿರು ಪಟ್ಟಿಗಳು ಕಂಡರೆ ಅವುಗಳ ಹಿನ್ನೆಲೆ ಇದೆಂದು ತಿಳಿದಿರಲಿ.

ಇನ್ನು ಪ್ರಯಾಣದ ಮಾತು. 2020ರಲ್ಲಿ ನಿಂತುಹೋದ ಭಾರತ–ಚೀನಾ ನೇರ ವಿಮಾನಸಂಚಾರವು 2025ರ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಪುನಃ ಆರಂಭವಾಗಿ, ದೆಹಲಿಯಿಂದ ಶಾಂಘೈಗೆ ನೇರವಾಗಿ ಹೋಗುವುದು ಸಾಧ್ಯವಾಗಿದೆ. ಬೆಂಗಳೂರಿನಿಂದ ಹೊರಡುವ ನಮ್ಮ ವ್ಯಾಪಾರಸ್ಥರೂ ಇಂಜಿನಿಯರುಗಳೂ ದೆಹಲಿಯ ಮಾರ್ಗವನ್ನೋ, ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್‌ಗಳಲ್ಲಿ ವಿಮಾನ ಬದಲಾಯಿಸುವ ಮಾರ್ಗವನ್ನೋ ಹಿಡಿಯುತ್ತಾರೆ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಅನಿವಾರ್ಯ. ಮೂರನೆಯ ದೇಶಕ್ಕೆ ಹೋಗುವವರಿಗೆ ಚೀನಾ ಕೊಡುವ ಇನ್ನೂರ ನಲವತ್ತು ಗಂಟೆಗಳ ವೀಸಾರಹಿತ ತಂಗುವಿಕೆಯನ್ನು ಕುರಿತು ಎಲ್ಲೆಲ್ಲಿಯೂ ಓದುತ್ತೇವಷ್ಟೆ. ಆ ರಾಷ್ಟ್ರಗಳ ಪಟ್ಟಿಯಲ್ಲಿ ಭಾರತವಿಲ್ಲ. ನಮಗೆ ಅನ್ವಯವಾಗುವುದು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮುಂದಿನ ದೇಶಕ್ಕೆ ಹೊರಡುವ ದೃಢೀಕೃತ ಟಿಕೆಟ್ ಉಳ್ಳವರಿಗೆಂದು ಇರುವ ಹಳೆಯ ರಿಯಾಯಿತಿ ಮಾತ್ರ. ಅದರ ಬಲದ ಮೇಲೆ ನಿಲ್ದಾಣದಿಂದ ಹೊರಗೆ ಕಾಲಿಡಲು ಬಿಡುವುದೂ ಬಿಡದಿರುವುದೂ ಅಲ್ಲಿನ ಅಧಿಕಾರಿಯ ವಿವೇಚನೆಗೆ ಸೇರಿದ್ದು. 2025ರ ನವೆಂಬರಿನಲ್ಲಿ, ಅರುಣಾಚಲ ಪ್ರದೇಶದಲ್ಲಿ ಜನಿಸಿದ ಭಾರತೀಯ ಮಹಿಳೆಯೊಬ್ಬರು ಲಂಡನ್ನಿನಿಂದ ಜಪಾನಿಗೆ ಹೋಗುತ್ತ ಪುಡಾಂಗಿನಲ್ಲಿ ವಿಮಾನ ಬದಲಾಯಿಸುವಾಗ, ತಮ್ಮ ಜನ್ಮಸ್ಥಳದ ಕಾರಣದಿಂದಲೇ ತಮ್ಮನ್ನು ಸುಮಾರು ಹದಿನೆಂಟು ಗಂಟೆಗಳ ಕಾಲ ತಡೆದರೆಂದು ದೂರಿದರು. ಚೀನಾ ಅದನ್ನು ಅಲ್ಲಗಳೆಯಿತು, ಭಾರತ ಸರ್ಕಾರವು ಪ್ರತಿಭಟನೆಯನ್ನು ದಾಖಲಿಸಿತು. ರಾಜಕಾರಣದ ವಿವಾದಗಳು ವಲಸೆ ತಪಾಸಣೆಯ ಮೇಜಿನ ಮೇಲೂ ಬಂದು ಕೂರಬಲ್ಲವಾದ್ದರಿಂದ, ಆ ರಾಜ್ಯದವರು ಅನ್ಯಮಾರ್ಗವನ್ನು ಯೋಚಿಸುವುದು ಕ್ಷೇಮ.

ಮನೆಯಲ್ಲಿಯೇ ಮುಗಿಸತಕ್ಕ ಕೆಲಸಗಳು ಇನ್ನೂ ಮೂರುಂಟು. ಆಗಮನದ ಚೀಟಿಯನ್ನು 2025ರ ನವೆಂಬರ್ 20ರಿಂದ ಅಂತರ್ಜಾಲದಲ್ಲಿಯೇ ತುಂಬಲು ಅವಕಾಶವಾಗಿದೆ. ಹಾಗೆ ತುಂಬಿದವನು ವಿಮಾನದಿಂದಿಳಿದು ಎತ್ತರದ ಮೇಜುಗಳ ಮುಂದೆ ಪೆನ್ನಿಗಾಗಿ ಪರದಾಡುವ ಗುಂಪನ್ನು ದಾಟಿ ನೇರವಾಗಿ ಸಾಲಿಗೆ ಹೋಗಬಹುದು. ಹಣದ ವಿಷಯದಲ್ಲಿ, ಚೀನಾದ ನಿತ್ಯವ್ಯವಹಾರವೆಲ್ಲ ಅಲಿಪೇ, ವಿಚಾಟ್ ಎಂಬ ಎರಡು ಆ್ಯಪುಗಳ ಮೇಲೆ ನಡೆಯುತ್ತದೆ. 2023ರಿಂದ ಈಚೆಗೆ ಪರದೇಶದ ವೀಸಾ, ಮಾಸ್ಟರ್‌ಕಾರ್ಡುಗಳನ್ನು ಇವುಗಳಿಗೆ ಜೋಡಿಸುವುದು ಸುಲಭವಾಗಿದೆ. ಆದರೆ ಜೋಡಿಸುವಾಗ ಬ್ಯಾಂಕಿನಿಂದ ಬರುವ ಓಟಿಪಿ ನಮ್ಮ ಭಾರತೀಯ ನಂಬರಿಗೇ ಬರುವುದರಿಂದ, ಅದನ್ನು ಬೆಂಗಳೂರಿನಲ್ಲಿ ಕುಳಿತು ಮಾಡುವುದು ಲೇಸು. ಮೂರನೆಯದು ಇಂಟರ್ನೆಟ್. ವಾಟ್ಸ್ಆ್ಯಪ್, ಗೂಗಲ್, ಅದರ ನಕ್ಷೆ, ಅದರ ಅಂಚೆ ಇವಾವುವೂ ಚೀನಾದ ವೈಫೈಯಲ್ಲಿ ತೆರೆಯುವುದಿಲ್ಲ. ನಿಲ್ದಾಣದ ಉಚಿತ ವೈಫೈ ಕೂಡ ಇದಕ್ಕೆ ಹೊರತಲ್ಲ. ಭಾರತದ ಸಿಮ್ಮಿನ ರೋಮಿಂಗ್ ಮೂಲಕವಾದರೆ ಇವು ಸಾಮಾನ್ಯವಾಗಿ ನಡೆಯುತ್ತವೆ. ಆದುದರಿಂದ ಇಳಿದ ದಿನದ ಮಟ್ಟಿಗಾದರೂ ರೋಮಿಂಗ್ ಹಾಕಿಸಿಕೊಂಡು, ಹೋಟೆಲಿನ ಹೆಸರು ಮತ್ತು ವಿಳಾಸವನ್ನು ಚೀನೀ ಲಿಪಿಯಲ್ಲಿ ಅಚ್ಚುಮಾಡಿಸಿ ಜೇಬಿನಲ್ಲಿಟ್ಟುಕೊಳ್ಳಬೇಕು. ಕಾಗದವೆಂದರೆ ನಗುವವರುಂಟು, ಬ್ಯಾಟರಿ ಮುಗಿದ ಫೋನನ್ನು ಟ್ಯಾಕ್ಸಿಯವನಿಗೆ ತೋರಿಸಿ ಪ್ರಯೋಜನವೇನು?

ಪುಡಾಂಗಿನ ಕಟ್ಟಡಗಳ ವಿನ್ಯಾಸ ಸರಳವಾದುದು. ಎದುರುಬದುರಾಗಿ ನಿಂತ ಎರಡು ಟರ್ಮಿನಲ್ಲುಗಳು. ಒಂದನೆಯದು 1999ರದು, ಎರಡನೆಯದು 2008ರದು. ಅವುಗಳ ನಡುವೆ ಮೆಟ್ರೋ, ರೈಲುಗಳ ನಿಲ್ದಾಣವನ್ನೊಳಗೊಂಡ ಸೇತುವೆಯಂತಹ ಓಣಿ. ದಕ್ಷಿಣಕ್ಕೆ, ವಿಮಾನಗಳು ನಿಲ್ಲುವ ಅಂಗಳದ ನಡುವೆ, 2019ರ ಸೆಪ್ಟೆಂಬರಿನಲ್ಲಿ ತೆರೆದ ಉಪಗ್ರಹ ಕಟ್ಟಡ. ಆರು ಲಕ್ಷ ಚದರ ಮೀಟರಿಗೂ ಮಿಗಿಲಾದ ಅದಕ್ಕೆ ಎಸ್ 1, ಎಸ್ 2 ಎಂದು ಎರಡು ಭಾಗ. ಮೊದಲನೆಯ ಟರ್ಮಿನಲ್ಲನ್ನು ರಚಿಸಿದವರು ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣದ ವಾಸ್ತುಶಿಲ್ಪಿಯಾದ ಪೌಲ್ ಆಂದ್ರೂ. ಹೊರಗಿನಿಂದ ಅದು ರೆಕ್ಕೆ ಬಿಚ್ಚಿದ ಕಡಲಹಕ್ಕಿ ಎಂದು ಎಲ್ಲರೂ ಹೇಳುವುದುಂಟು, ಆದರೆ ನೋಡತಕ್ಕದ್ದು ಒಳಗಿನಿಂದ. ಚೆಕ್-ಇನ್ ಸಾಲಿನಲ್ಲಿ ನಿಂತು ತಲೆಯೆತ್ತಿದರೆ, ಬಾಗಿದ ಕಡುನೀಲಿ ಛಾವಣಿಯನ್ನು ತೂರಿಕೊಂಡು ನೂರಾರು ಬಿಳಿಯ ಕಂಬಿಗಳು ನೆಟ್ಟಗೆ ಕೆಳಕ್ಕೆ ಇಳಿಬಿದ್ದಿವೆ. ಒಂದೊಂದರ ತುದಿಯನ್ನೂ ಛಾವಣಿಯಡಿಯಲ್ಲಿ ಬಿಲ್ಲಿನ ಹೆದೆಯಂತೆ ಬಿಗಿದ ಉಕ್ಕಿನ ಹಗ್ಗಗಳು ಹಿಡಿದುಕೊಂಡಿವೆ. ಭಾರವನ್ನು ಹೊರುವ ಯಂತ್ರಕಾರ್ಯವೇ ಅಲಂಕಾರವೂ ಆಗಿರುವ ಇಂಥ ಛಾವಣಿಗಳು ವಿರಳ. ಎರಡನೆಯ ಟರ್ಮಿನಲ್ ಹೆಚ್ಚು ಬೆಳಕಿನದು, ಹೆಚ್ಚು ಅನುಕೂಲದ್ದು. ನೆನಪಿನಲ್ಲಿ ಉಳಿಯುವುದು ಮಾತ್ರ ಮೊದಲನೆಯದೇ.

ಸ್ಥೂಲವಾಗಿ ಹೇಳುವುದಾದರೆ ಚೈನಾ ಈಸ್ಟರ್ನ್ ಸಂಸ್ಥೆಯೂ ಅದರ ಮಿತ್ರಸಂಸ್ಥೆಗಳೂ ಒಂದನೆಯ ಟರ್ಮಿನಲ್ಲಿನಲ್ಲಿಯೂ, ಉಳಿದ ಬಹುತೇಕ ವಿದೇಶೀ ಸಂಸ್ಥೆಗಳು ಎರಡನೆಯದರಲ್ಲಿಯೂ ಇವೆ. ಇಲ್ಲಿನ ಮುಖ್ಯವಾದ ಸಂಧಿ ಯಾವುದೆಂದರೆ ಈ ಉಪಗ್ರಹ ಕಟ್ಟಡ. ಬೋರ್ಡಿಂಗ್ ಪಾಸಿನಲ್ಲಿ ಗೇಟಿನ ಸಂಖ್ಯೆಗೆ ಮುಂಚೆ ಜಿ ಅಥವಾ ಎಚ್ ಎಂಬ ಅಕ್ಷರವಿದ್ದರೆ ವಿಮಾನ ಹತ್ತಬೇಕಾದದ್ದು ಅಲ್ಲಿಂದ. ಜಿ ಎಂದರೆ ಎಸ್ 1, ಅದಕ್ಕೆ ಒಂದನೆಯ ಟರ್ಮಿನಲ್ಲಿನಿಂದ ರೈಲು. ಎಚ್ ಎಂದರೆ ಎಸ್ 2, ಅದಕ್ಕೆ ಎರಡನೆಯದರಿಂದ. ರೈಲಿನ ಓಟ ಕೆಲವೇ ನಿಮಿಷಗಳದು. ಆದರೆ ಭದ್ರತೆಯ ತಪಾಸಣೆಯಾದ ಮೇಲೆ ನೆಲದಡಿಗೆ ಇಳಿಯುವುದು, ರೈಲಿಗೆ ಕಾಯುವುದು, ಆಚೆ ಮತ್ತೆ ಮೇಲೇರುವುದು, ಅಲ್ಲಿಂದ ಕಟ್ಟಡದ ತುದಿಯ ಗೇಟಿಗೆ ನಡೆಯುವುದು, ಇವೆಲ್ಲ ಕೂಡಿ ಅರ್ಧ ಗಂಟೆಯನ್ನು ಸದ್ದಿಲ್ಲದೆ ಕಬಳಿಸುತ್ತವೆ. ಸುಂಕವಿಲ್ಲದ ಅಂಗಡಿಗಳು ದಾರಿಯ ಎಡಬಲಗಳಲ್ಲಿ ಹೊಳೆಯುತ್ತಿರುತ್ತವೆ. ಅವುಗಳ ವಿಷಯದಲ್ಲಿ ನನಗೆ ಹೇಳಲು ಏನೂ ಇಲ್ಲ, ಅಲ್ಲಿರುವ ಅತ್ತರು ಚಾಕೊಲೇಟುಗಳೇ ಎಲ್ಲ ಊರುಗಳಲ್ಲಿಯೂ ಇರುತ್ತವೆ.

ಬರುವವರ ದಾರಿಯಲ್ಲಿ ಮೊದಲು ಎದುರಾಗುವುದು ಬೆರಳಚ್ಚಿನ ಯಂತ್ರಗಳು, ಅನಂತರ ವಲಸೆ ಅಧಿಕಾರಿಯ ಕಟಕಟೆ. ಪ್ರಶ್ನೆಗಳು ಕಡಮೆ, ಹೋಟೆಲಿನ ಕಾದಿರಿಸಿದ ಪತ್ರ, ಮರುಪ್ರಯಾಣದ ಟಿಕೆಟ್, ಆಹ್ವಾನಪತ್ರ ಇವು ಕೈಗೆಟುಕುವಂತಿದ್ದರೆ ಸಾಕು. ಇಲ್ಲಿಂದ ಚೀನಾದ ಬೇರೆ ಊರಿಗೆ ಒಳನಾಡಿನ ವಿಮಾನ ಹಿಡಿಯತಕ್ಕವರು ಒಂದು ಮಾತನ್ನು ಮರೆಯಬಾರದು: ಚೀನಾದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿಯೇ ಸಾಮಾನ್ಯವಾಗಿ ವಲಸೆ, ಸುಂಕ ಎರಡರ ತಪಾಸಣೆಯೂ ನಡೆಯುವುದರಿಂದ, ಸಾಮಾನನ್ನು ಇಲ್ಲಿ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಬೆಂಗಳೂರಿನ ಕೌಂಟರಿನಲ್ಲಿಯೇ, ಸಾಮಾನು ಎಲ್ಲಿಯವರೆಗೆ ಹೋಗುತ್ತದೆಂದು ಕೇಳಿ, ಪಟ್ಟಿಯ ಮೇಲಿನ ಸಂಕೇತವನ್ನು ಕಣ್ಣಾರೆ ನೋಡಿಕೊಳ್ಳಬೇಕು. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹೊರಬಂದವನಿಗೆ ನಗರಕ್ಕೆ ಹೋಗುವ ದಾರಿಗಳು ಹಲವು. ಅವುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಮ್ಯಾಗ್ಲೆವ್. ಜರ್ಮನಿಯ ಟ್ರಾನ್ಸ್‌ರ‍್ಯಾಪಿಡ್ ತಂತ್ರದಿಂದ ನಿರ್ಮಿತವಾಗಿ, 2002ರ ಡಿಸೆಂಬರ್ 31ರಂದು ಚೀನಾದ ಪ್ರಧಾನಿ ಜು ರೊಂಗ್ಜಿ ಮತ್ತು ಜರ್ಮನಿಯ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಇಬ್ಬರೂ ಕೂಡಿ ಉದ್ಘಾಟನೆ ಮಾಡಿದ ಈ ರೈಲಿಗೆ ಚಕ್ರಗಳ ಮೇಲೆ ಓಡುವ ಅಗತ್ಯವಿಲ್ಲ. ಗಾಡಿಯ ಕೆಳಭಾಗವು ಹಳಿಯ ತೊಲೆಯನ್ನು ಎರಡೂ ಪಕ್ಕಗಳಿಂದ ತಬ್ಬಿಕೊಂಡಿದ್ದು, ಅದರೊಳಗಿನ ವಿದ್ಯುತ್ಕಾಂತಗಳು ತೊಲೆಯ ಅಡಿಭಾಗಕ್ಕೆ ಆಕರ್ಷಿತವಾಗಿ ಗಾಡಿಯನ್ನು ಮೇಲೆತ್ತಿ, ಒಂದು ಸೆಂಟಿಮೀಟರಿನಷ್ಟು ಅಂತರದಲ್ಲಿ ಹಿಡಿದಿಡುತ್ತವೆ. ಆ ಅಂತರವನ್ನು ಯಂತ್ರವು ಕ್ಷಣಕ್ಷಣವೂ ಅಳೆದು ಕಾಂತದ ಬಲವನ್ನು ತಿದ್ದುತ್ತಿರುತ್ತದೆ. ಬಹುಕಾಲ ಇದು ಗಂಟೆಗೆ 431 ಕಿಲೋಮೀಟರು ವೇಗದಲ್ಲಿ ಓಡಿ, ಬೋಗಿಯ ಬಾಗಿಲಿನ ಮೇಲಿನ ಫಲಕದಲ್ಲಿ ಆ ಸಂಖ್ಯೆ ಮೂಡಿದ ಕೂಡಲೆ ಎಲ್ಲ ದೇಶದವರೂ ಒಟ್ಟಿಗೆ ಕ್ಯಾಮೆರಾ ಎತ್ತುವ ದೃಶ್ಯವಿತ್ತು. 2021ರಿಂದ ಈಚೆಗೆ ವೇಗವನ್ನು 300ಕ್ಕೆ ಇಳಿಸಿದ್ದಾರೆ. ಮೂವತ್ತು ಕಿಲೋಮೀಟರಿನ ದಾರಿಗೆ ಎಂಟು ನಿಮಿಷ. ದರ ಐವತ್ತು ಯುವಾನ್, ಆ ದಿನದ ವಿಮಾನದ ಟಿಕೆಟ್ ತೋರಿಸಿದರೆ ನಲವತ್ತು.

ಎಂಟೇ ನಿಮಿಷಗಳಲ್ಲಿ ಶಾಂಘೈ ಎಂದು ಹಿಗ್ಗುವ ಮುನ್ನ ಒಂದು ವಿಚಾರ. ಮ್ಯಾಗ್ಲೆವ್ ತಲುಪಿಸುವುದು ಲುಂಗ್‌ಯಾಂಗ್ ರೋಡ್ ಎಂಬ ನಿಲ್ದಾಣಕ್ಕೆ, ನಗರದ ಹೃದಯಕ್ಕಲ್ಲ. ಹ್ವಾಂಗ್‌ಪು ನದಿ ಇನ್ನೂ ಮುಂದಿದೆ. ಗಾಡಿಗಾಗಿ ಕಾಯುವುದು ಹದಿನೈದು ಇಪ್ಪತ್ತು ನಿಮಿಷ. ಇಳಿದ ಮೇಲೆ ಪೆಟ್ಟಿಗೆಗಳನ್ನೆಳೆದುಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋಗಿ, ಅಲ್ಲಿಯ ಭದ್ರತಾಯಂತ್ರದಲ್ಲಿ ಪುನಃ ಎಲ್ಲವನ್ನೂ ತೂರಿಸಿ, ಎರಡನೆಯ ಮಾರ್ಗದ ಜನಸಂದಣಿಯಲ್ಲಿ ನಿಲ್ಲಬೇಕು. ಆ ಎರಡನೆಯ ಮಾರ್ಗವಾದರೋ ಪುಡಾಂಗಿನಿಂದಲೇ ಹೊರಟು, ಲೂಜಿಯಾಜುಯಿ, ನಾನ್‌ಜಿಂಗ್ ಪೂರ್ವರಸ್ತೆ, ಪೀಪಲ್ಸ್ ಸ್ಕ್ವೇರ್‌ಗಳ ಮೂಲಕ ಹಾಂಗ್‌ಚಿಯಾವ್ ವರೆಗೂ ಸಾಗುತ್ತದೆ. ನಗರಮಧ್ಯಕ್ಕೆ ಒಂದು ಗಂಟೆಗೆ ಸ್ವಲ್ಪ ಮಿಗಿಲು, ಏಳೆಂಟು ಯುವಾನ್ ದರ, ಮೊದಲ ನಿಲ್ದಾಣವಾದುದರಿಂದ ಕೂರಲು ಜಾಗ ಖಚಿತ. ಎರಡು ಬಗೆಯ ಪ್ರಯಾಣಗಳ ಅಂತರ ಕಡೆಗೆ ಕಾಲು ಗಂಟೆಗೆ ಬಂದು ನಿಲ್ಲುತ್ತದೆ. ಮ್ಯಾಗ್ಲೆವನ್ನು ಅದರ ವಿಸ್ಮಯಕ್ಕಾಗಿ ಒಂದು ಸಲ ಹತ್ತತಕ್ಕದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಒಳ್ಳೆಯ ಸಂದರ್ಭವೆಂದರೆ ಭಾರವಿಲ್ಲದ ಕೈಗಳ ದಿನ. ಎರಡು ಪೆಟ್ಟಿಗೆ, ಒಂದು ಮಗು, ವಯಸ್ಸಾದ ತಾಯಿ ಜೊತೆಯಲ್ಲಿದ್ದರೆ ಸರದಿಯ ಸಾಲಿನ ಅಧಿಕೃತ ಟ್ಯಾಕ್ಸಿಯೇ ಸರಿ. ನಗರಮಧ್ಯಕ್ಕೆ ಇನ್ನೂರು ಯುವಾನಿನ ಆಸುಪಾಸು ಆಗುತ್ತದೆ. ಆಗಮನದ ಬಾಗಿಲಲ್ಲಿಯೇ ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಪಿಸುಗುಟ್ಟುತ್ತ ಬಳಿಸಾರುವವರು ನಮ್ಮ ಮೆಜೆಸ್ಟಿಕ್ಕಿನಲ್ಲಿರುವಂಥವರೇ. ಅವರಿಗೆ ಉತ್ತರ ಕೊಡದೆ ನಡೆಯುವುದು.

2024ರ ಡಿಸೆಂಬರ್ 27ರಂದು ತೆರೆದ ವಿಮಾನನಿಲ್ದಾಣ ಸಂಪರ್ಕ ರೈಲಿನ ವಿಚಾರ ಇನ್ನೂ ಅನೇಕರಿಗೆ ತಿಳಿಯದು. ಗಂಟೆಗೆ 160 ಕಿಲೋಮೀಟರು ವೇಗದ ಈ ಗಾಡಿಯು ನಗರದ ದಕ್ಷಿಣವನ್ನು ಬಳಸಿಕೊಂಡು ಪುಡಾಂಗನ್ನೂ ಹಾಂಗ್‌ಚಿಯಾವನ್ನೂ ಸುಮಾರು ನಲವತ್ತು ನಿಮಿಷಗಳಲ್ಲಿ ಜೋಡಿಸುತ್ತದೆ. ದರ ಇಪ್ಪತ್ತಾರು ಯುವಾನ್. ಹಾಂಗ್‌ಚಿಯಾವ್ ವಿಮಾನನಿಲ್ದಾಣದ ಮಗ್ಗುಲಲ್ಲಿಯೇ ಚೀನಾದ ಮಹತ್ತರ ರೈಲುನಿಲ್ದಾಣಗಳಲ್ಲೊಂದಿದೆಯಷ್ಟೆ. ಹಾಂಗ್‌ಜೋ, ಸೂಜೋ, ನಾನ್‌ಜಿಂಗ್‌ಗಳಿಗೆ ಹೋಗುವ ವೇಗದ ರೈಲುಗಳು ಅಲ್ಲಿಂದ ಹೊರಡುತ್ತವೆ. ಪುಡಾಂಗಿನಲ್ಲಿ ಇಳಿದು ನೇರವಾಗಿ ಆ ಊರುಗಳಿಗೆ ಹೋಗತಕ್ಕವರಿಗೆ ಇದಕ್ಕಿಂತ ಉತ್ತಮವಾದ ಮಾರ್ಗ ಬೇರೊಂದಿಲ್ಲ, ಮತ್ತು ನನ್ನ ಮಟ್ಟಿಗೆ ಮ್ಯಾಗ್ಲೆವಿಗಿಂತ ಹೆಚ್ಚಿನ ಸಾಧನೆಯೂ ಇದೇ. ವೇಗವನ್ನು ಹೆಚ್ಚಿಸುವುದರ ಬದಲು ಒಂದು ಸಂಧಿಯನ್ನೇ ಇಲ್ಲವಾಗಿಸಿದೆ. ರಾತ್ರಿ ತಡವಾಗಿ ಇಳಿಯುವವರು ಮಾತ್ರ ಮೊದಲೇ ವಿಚಾರಿಸಿಕೊಳ್ಳಲಿ: ಮ್ಯಾಗ್ಲೆವ್ ಹತ್ತು ಗಂಟೆಯೊಳಗೇ ಮುಗಿಯುತ್ತದೆ, ಮೆಟ್ರೋ ಇನ್ನು ಸ್ವಲ್ಪ ಹೊತ್ತು ಇರುತ್ತದೆ, ಅನಂತರ ಟ್ಯಾಕ್ಸಿಯೇ ಗತಿ.

ಶಾಕಾಹಾರಿಗಳಿಗೆ ಪುಡಾಂಗಿನಲ್ಲಿ ಉಪವಾಸವೇನೂ ಬಾರದು, ಆದರೆ ಔತಣವನ್ನೂ ನಿರೀಕ್ಷಿಸಬಾರದು. ತರಕಾರಿಯೊಂದೇ ಕಾಣುವ ನೂಡಲ್ಸಿನ ಬೋಗುಣಿಯಲ್ಲಿಯೂ ಸಾರು ಎಲುಬಿನದಾಗಿರುವುದು ಸಾಮಾನ್ಯ. ಹಣ್ಣು, ಬ್ರೆಡ್ಡು, ಮೊಸರು ಅಂಗಡಿಗಳಲ್ಲಿ ಸಿಗುತ್ತವೆ. ಮನೆಯಿಂದ ತಂದ ಚಪಾತಿ ಚಟ್ನಿಪುಡಿಗಳಿದ್ದರೆ ಮತ್ತೂ ಲೇಸು. ಒಂದು ಸೌಕರ್ಯವನ್ನು ಮಾತ್ರ ಮನಸಾರೆ ಹೊಗಳಬೇಕು. ಶೌಚಾಲಯಗಳ ಪಕ್ಕದಲ್ಲಿ, ಗೇಟುಗಳ ಬಳಿಯಲ್ಲಿ ಉಕ್ಕಿನ ಕುಡಿಯುವ ನೀರಿನ ಯಂತ್ರಗಳಿದ್ದು, ಅವುಗಳಲ್ಲಿ ತಣ್ಣೀರಿನಷ್ಟೇ ಸಹಜವಾಗಿ ಬಿಸಿನೀರೂ ಬರುತ್ತದೆ. ಚೀನೀ ಪ್ರಯಾಣಿಕರು, ಅದರಲ್ಲಿಯೂ ಹಿರಿಯರು, ಚೀಲದಿಂದ ಥರ್ಮಾಸ್ ತೆಗೆದು, ಮುಚ್ಚಳ ತಿರುಗಿಸಿ, ಒಳಗೆ ನಿನ್ನೆಯದೋ ಇಂದಿನದೋ ಒಂದು ಚಿಟಿಕೆ ಚಹದ ಎಲೆಗಳಿವೆಯೇ ಎಂದು ಇಣುಕಿ ನೋಡಿ, ನೀರು ತುಂಬಿ, ತಮ್ಮ ಗೇಟಿನ ಕಡೆಗೆ ನಡೆದುಬಿಡುತ್ತಾರೆ. ತಪಾಸಣೆಯಲ್ಲಿ ಖಾಲಿಯಾದ ಬಾಟಲಿಯನ್ನು ಎಸೆಯದೆ ತಂದವನು, ಕಾಫಿಯಂಗಡಿಯ ಸಾಲನ್ನು ಧೈರ್ಯವಾಗಿ ಬಿಟ್ಟು, ಕಾಫಿಪುಡಿಯ ಪೊಟ್ಟಣವನ್ನು ಈ ಬಿಸಿನೀರಿನಲ್ಲಿ ಕಲಕಿಕೊಳ್ಳಬಹುದು.

ಹಿಂತಿರುಗುವಾಗ ಮೂರು ಗಂಟೆ ಮುಂಚಿತವಾಗಿ ಬರಬೇಕೆಂಬುದು ಎಲ್ಲೆಡೆಯ ನಿಯಮ. ಇಲ್ಲಿ ಉಪಗ್ರಹ ಕಟ್ಟಡದ ಗೇಟಾದರೆ ಇನ್ನರ್ಧ ಗಂಟೆಯನ್ನು ಸೇರಿಸಬೇಕು. ಟರ್ಮಿನಲ್ ತಪ್ಪಿ ಬಂದವರು ಗಾಬರಿಯಾಗಬೇಕಾದ್ದಿಲ್ಲ, ನಡುವಣ ಓಣಿಯಲ್ಲಿ ನಡೆದೂ ಹೋಗಬಹುದು, ಉಚಿತ ಬಸ್ಸೂ ಉಂಟು. ತಪಾಸಣೆಯವರ ದೃಷ್ಟಿ ವಿಶೇಷವಾಗಿ ಬೀಳುವುದು ಎರಡು ವಸ್ತುಗಳ ಮೇಲೆ. ಬೆಂಕಿಪೊಟ್ಟಣ ಮತ್ತು ಲೈಟರುಗಳು ಕೈಚೀಲದಲ್ಲಾಗಲಿ ಒಪ್ಪಿಸುವ ಪೆಟ್ಟಿಗೆಯಲ್ಲಾಗಲಿ ಇರಕೂಡದು. ದೇವರ ಪೂಜೆಯ ಸಾಮಾನಿನೊಡನೆ ಬೆಂಕಿಪೊಟ್ಟಣವನ್ನು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡ ನಮ್ಮವರು, ಪೆಟ್ಟಿಗೆ ತೆರೆಸಲು ಬಂದ ಕರೆಗೆ ಅಚ್ಚರಿಗೊಳ್ಳುವುದುಂಟು. ಪವರ್ ಬ್ಯಾಂಕು ಕೈಚೀಲದಲ್ಲಿಯೇ ಇರಬೇಕು, ಅದರ ಮೇಲೆ ಸಾಮರ್ಥ್ಯದ ಅಂಕಿಗಳು ಅಳಿಸದೆ ಕಾಣಬೇಕು. ಮತ್ತು 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ‘3ಸಿ’ ಎಂಬ ಅಲ್ಲಿಯ ಪ್ರಮಾಣಚಿಹ್ನೆಯಿಲ್ಲದ ಪವರ್ ಬ್ಯಾಂಕುಗಳಿಗೆ ಪ್ರವೇಶವಿಲ್ಲ. ಭಾರತದಲ್ಲಿ ಕೊಂಡವುಗಳಲ್ಲಿ ಅನೇಕಕ್ಕೆ ಆ ಚಿಹ್ನೆ ಇರುವುದಿಲ್ಲ. ಆದುದರಿಂದ ಶಾಂಘೈಯಿಂದ ಬೀಜಿಂಗಿಗೋ ಚೆಂಗ್ಡುವಿಗೋ ವಿಮಾನದಲ್ಲಿ ಹೋಗತಕ್ಕವರು ಊರಿನಿಂದ ಹೊರಡುವ ಹಿಂದಿನ ರಾತ್ರಿಯೇ ಅದನ್ನು ತಿರುಗಿಸಿ ನೋಡಿಕೊಂಡು, ಚಿಹ್ನೆ ಇಲ್ಲದಿದ್ದರೆ ಮನೆಯಲ್ಲಿಯೇ ಬಿಟ್ಟು, ಬೇಕಾದುದನ್ನು ಶಾಂಘೈಯ ಅಂಗಡಿಯಲ್ಲಿ ಕೊಳ್ಳಲಿ.